ಹದಿನೈದಕ್ಕೆ ಇಳಿದ ಕೈ

ಕೆಂಪು ರಟ್ಟಿನ ಉದ್ದ ಪುಸ್ತಕ ನನ್ನದು.
ಮುಂದಿನಿಂದ ತೆರೆದರೆ ರನ್ನು,
ತಿರುವಿ ಹಿಂದಿನಿಂದ ತೆರೆದರೆ ರೂಪಾಯಿ.
ಆರು ವರ್ಷದಿಂದ ಎರಡನ್ನೂ ಬರೆಯುವವನು ನಾನೇ,
ಭಟ್ಟಿ ಲೇಔಟಿನ ದಾದಾಪೀರ.
ವಾರವೆಲ್ಲ ಮಂಡಕ್ಕಿ ಚೀಲದ ಲೆಕ್ಕ,
ಭಾನುವಾರ ಹೈಸ್ಕೂಲ್ ಮೈದಾನದಲ್ಲಿ
ಮುರಿಗೆಪ್ಪನವರ ಟೀಮಿನ ಲೆಕ್ಕ.

ಸಂಕ್ರಾಂತಿಯ ಮಾರನೆ ದಿನ ಹರಾಜು.
ಎಂಟು ಟೀಮು, ಎಂಟು ಮೇಜು,
ಮೇಜಿಗೊಂದು ನೀರಿನ ಬಾಟಲಿ.
ತಿಪ್ಪೇಶನ ಹೆಸರು ಬಂತು.
ಎಡಗೈ ಬೌಲರು. ನಮ್ಮ ಓಣಿಯವನೇ,
ನಮ್ಮ ಭಟ್ಟಿಯಲ್ಲೇ ಮರಳಿನ ಜರಡಿ ಆಡಿಸಿ
ಮಣಿಕಟ್ಟು ಹದವಾದವನು.
ಹತ್ತು ಅಂದರು. ಹನ್ನೆರಡು ಅಂದರು.
ಹದಿನೈದು ಸಾವಿರದವರೆಗೂ ಮುರಿಗೆಪ್ಪನವರ ಕೈ ಮೇಲಿತ್ತು,
ಹರಳಿನ ಉಂಗುರ ಸಮೇತ.
ಹರಿಹರದ ಇಟ್ಟಿಗೆಯವರು ಹದಿನಾರು ಅಂದಾಗ
ಆ ಕೈ ಇಳಿದು ಬಾಟಲಿಯ ಬಿರಡೆ ತಿರುಗಿಸಿತು.
ನೀರು ಕುಡಿದರು. ಅಷ್ಟೇ.

"ಒಂದು ಸಾವಿರಕ್ಕೆ ನಿಂತ್ರಲ್ಲ ಅಣ್ಣಾರೇ?"
ಸ್ಕೂಟರಿನ ಹಿಂದೆ ಕೂತು ಕೇಳಿದೆ.
"ಲೇ ದಾದಾ, ಒಂದು ಸಾವಿರ ಯಾವತ್ತೂ ಒಂದೇ ಸಾವಿರ ಅಲ್ಲ.
ನಾನು ಹದಿನೇಳು ಅಂದ್ರೆ ಅವ್ನು ಹದಿನೆಂಟು ಅಂತಾನೆ.
ಹೊಟ್ಟು ಹಾಕ್ತಾ ಹೋದ್ರೆ ಮರಳು ಕಾಯ್ತಾನೇ ಇರ್ತೈತೆ,
ಅಕ್ಕಿ ಅರಳೋದು ಒಂದೇ ಸಲ ಕಣೋ,
ಆಮೇಲೆ ಬರೀ ಕರಕಲು."
ಭಟ್ಟಿಯವನಿಗೆ ಭಟ್ಟಿಯ ಮಾತೇ ಹೇಳಿದರೆ
ತಿರುಗಿ ಏನು ಹೇಳಲಿ?

ಆದರೂ ಆ ರಾತ್ರಿ ಪುಸ್ತಕ ಹಿಂದಿನಿಂದ ತೆರೆದೆ.
ಜೆರ್ಸಿ ಹದಿನಾಲ್ಕು: ನಾಲ್ಕು ಸಾವಿರದ ಇನ್ನೂರು.
ಬಾಲು, ಬೇಲ್ಸು, ಟೇಪು: ಆರುನೂರ ಎಂಬತ್ತು.
ಬೆಣ್ಣೆದೋಸೆ, ಗೆದ್ದ ದಿನ ಮಾತ್ರ: ಏಳುನೂರು.
ಬ್ಯಾನರು, ಇಪ್ಪತ್ತಡಿ: ಒಂಬತ್ತು ಸಾವಿರ.
ಅದರಲ್ಲಿ ಮುರಿಗೆಪ್ಪನವರ ನಗು ಎಮ್ಮೆಯಗಲ,
ಪಕ್ಕದಲ್ಲಿ ತಮ್ಮ ಓಂಕಾರಪ್ಪ, ಕೂಲಿಂಗ್ ಗ್ಲಾಸು.
ಹುಡುಗರು ಹನ್ನೊಂದೂ ಮಂದಿ ಕೆಳಗೆ, ಅಂಚೆಚೀಟಿ ಗಾತ್ರ,
ಕ್ಯಾಪ್ಟನ್ ಚಮನನ ಕಿವಿಗೆ ಮೊಳೆ ಬಿದ್ದಿತ್ತು.

ಸೆಮಿಫೈನಲ್. ಕೊನೆಯ ಓವರು. ಏಳು ಬೇಕು.
ಬೌಲಿಂಗಿಗೆ ಬಂದವನು ತಿಪ್ಪೇಶ,
ಹರಿಹರದ ನೀಲಿ ಅಂಗಿ ಭುಜದಲ್ಲಿ ದೊಗಲೆ.
ಓಡಿ ಬರುವ ಮುಂಚೆ ನಮ್ಮ ಕಡೆ ನೋಡಿದ,
ನನ್ನನ್ನೋ, ಅಣ್ಣಾರನ್ನೋ, ಬ್ಯಾನರನ್ನೋ.
ಚುಕ್ಕೆ. ಒಂದು. ಚುಕ್ಕೆ. ಎರಡು.
ಐದನೆಯದಕ್ಕೆ ಚಮನನ ನಡು ವಿಕೆಟ್ಟು;
ಬರೆಯುವಾಗ ಪೆನ್ನು ಹಾಳೆ ತೂತು ಮಾಡಿತು.
ಕೊನೆಯದು ಬ್ಯಾಟಿನಂಚು ತಾಗಿ ಒಂದು.
ಎರಡು ರನ್ನಿಗೆ ಸೋತೆವು.
ಒಂದು ಸಾವಿರಕ್ಕೆ, ಅಂದಿತು ಓಣಿ.

ಮುರಿಗೆಪ್ಪನವರು ಬೈಯಲಿಲ್ಲ.
ಎಲ್ಲರನ್ನೂ ಕರೆದೊಯ್ದು ದೋಸೆ ಕೊಡಿಸಿದರು,
ಸೋತ ದಿನ, ಮೊದಲ ಸಲ.
ಯಾವ ಸಾಲಿನಲ್ಲಿ ಬರೆಯಬೇಕೋ ತಿಳಿಯದೆ
ಬರೆಯಲೇ ಇಲ್ಲ.

ಗಿರ್ಮಿಟ್ ಅಂಗಡಿಯ ಬಾಬಾಜಾನ್ ಹೇಳುತ್ತಾನೆ:
"ಇದ್ದವ್ನು ಬಿಚ್ಬೇಕು, ಇಲ್ಲಾ ಟೀಮು ಬಿಡ್ಬೇಕು."
ಎಲ್ಲರೂ ಹೌದನ್ನುತ್ತಾರೆ. ನಾನೂ.
ಮೆಣಸಿನಕಾಯಿ ಕಚ್ಚುತ್ತಾ
ಇನ್ನೊಬ್ಬರ ಗಂಟು ಬಿಚ್ಚುವುದು ಸಲೀಸು.
ಪುಸ್ತಕದಲ್ಲಿ ನನ್ನ ಹೆಸರು ಹುಡುಕಿದೆ:
ಚಂದಾ, ಸೊನ್ನೆ.
ಸ್ಕೋರು ಬರೆದ ಕೂಲಿ, ದಿನಕ್ಕೆ ಇನ್ನೂರು,
ಬಂದಿದೆ, ಸಹಿ.

ಸೋಮವಾರ ತಿಪ್ಪೇಶ ಎಂದಿನಂತೆ ಬಂದು ಜರಡಿ ಹಿಡಿದ.
ಹದಿನಾರರಲ್ಲಿ ಕೈಗೆ ಬಂದದ್ದು ಹನ್ನೊಂದಂತೆ,
ಮಿಕ್ಕಿದ್ದು ಮುಂದಿನ ವಾರ,
ಆ ವಾರ ಇನ್ನೂ ಬಂದಿಲ್ಲ.
"ಅಣ್ಣಾರು ಹದಿನೈದು ಅಂದಿದ್ರೆ
ಹದಿನೈದೂ ಕೊಡ್ತಿದ್ರು ಕಣಪ" ಅಂದ,
ಮರಳು ಉದುರುತ್ತಲೇ ಇತ್ತು.

ಬ್ಯಾನರು ಈಗ ಭಟ್ಟಿಯ ಮಾಡಿನ ಮೇಲಿದೆ,
ತಗಡು ತೂತು ಬಿದ್ದ ಕಡೆ, ನಗು ಕೆಳಮುಖ.
ಹೊಗೆ ಹತ್ತಿ ಹಲ್ಲೆಲ್ಲ ಕಪ್ಪಾದರೂ
ಮಳೆಯ ಒಂದು ಹನಿ ಒಳಗೆ ಬೀಳುವುದಿಲ್ಲ.
ಆ ಒಂಬತ್ತು ಸಾವಿರದ ಮುಂದೆ
ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೆ,
ಇನ್ನೂ ಅಳಿಸಿಲ್ಲ.

ರನ್ನಿಗೂ ರೂಪಾಯಿಗೂ ನಡುವೆ
ಒಂಬತ್ತೇ ಹಾಳೆ ಖಾಲಿ ಉಳಿದಿವೆ.
ಸಂಕ್ರಾಂತಿ ಕಳೆದರೆ ಮತ್ತೆ ಹರಾಜು.